ಅಪ್ಪನ ಮೈಗೆ ಕಟ್ಟಿದ ಪೆಟ್ಟಿಗೆ

ದನಗಳ ಮೇವಿಗೆಂದು ಕಣಿಕೆಯ ಹೊರೆ ಹೊತ್ತಾಗೆಲ್ಲ ಅಪ್ಪ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ಎಪ್ಪತ್ತರ ದಶಕದ ಕೊನೆ ಅದು. ಅವನದು ಬಬಲೇಶ್ವರದಲ್ಲಿ ಒಕ್ಕಲುತನ, ನಾನು ಬಿಜಾಪುರದಲ್ಲಿ ಕಾರಕೂನ. ಹಟ ಹಿಡಿದು ಡಾಕ್ಟರರ ಹತ್ತಿರ ಕರೆತಂದೆ. ಮಲಗಿಸಿ ನೋಡಿದರೆ ಎದೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಅವರು ಮುಂಬೈಯಿಂದ ತಂದಿದ್ದ ಒಂದು ಪೆಟ್ಟಿಗೆಯನ್ನು ಅವನ ಸೊಂಟಕ್ಕೆ ಬಿಗಿದು, ತಂತಿಗಳನ್ನು ಎದೆಗೆ ಅಂಟಿಸಿದರು. ಒಳಗೆ ಟೇಪು ಸುತ್ತುತ್ತಿತ್ತು. ಒಂದು ದಿನದ ಎದೆಬಡಿತವೆಲ್ಲ ಅದರಲ್ಲಿ ಮೂಡುತ್ತದಂತೆ.

"ಊರಿಗೆ ಹೋಗ್ರಿ. ದಿನಾ ಮಾಡೂ ಕೆಲಸ ಎಲ್ಲಾ ಮಾಡ್ಲಿ, ಹೊರೀನೂ ಹೊರಲಿ. ಯಾವಾಗ ಏನ್ ಮಾಡಿದ್ರಂತ ಇದರಾಗ ಬರೀರಿ," ಎಂದು ಡಾಕ್ಟರರು ನನ್ನ ಕೈಗೊಂದು ಚೀಟಿ ಕೊಟ್ಟರು.

ಮನೆಯಲ್ಲಿ ತಂತಿ ಕಂಡದ್ದೇ ತಡ, ಅವ್ವ ಬಾಯಿ ಬಡಿದುಕೊಂಡಳು. "ಎದಿಗೆ ಯಂತ್ರಾ ಕಟ್ಟಿಸ್ಕೊಂಡಾವ ಹೊರಿ ಹೊರ್ತಾನೇನೋ? ನಿನ್ನ ಬುದ್ಧಿಗೆ ಏನ್ ಬಡದೈತಿ?"

ಹೊರಸಿನ ಮೇಲೆ ಮಲಗಿಸಿಯೇಬಿಟ್ಟಳು. ಮಾತಾಡಿಸಲು ಓಣಿಯೆಲ್ಲ ಬಂತು. ಅಪ್ಪ ಎದ್ದು ಕೂತರೆ ಸಾಕು, ನಾಲ್ಕು ಮಂದಿ ಹಿಡಿದು ಮಲಗಿಸುತ್ತಿದ್ದರು. ನಾನೂ ಸುಮ್ಮನಾದೆ. ಅಷ್ಟು ದೂರದಿಂದ ಬಂದ ಯಂತ್ರ ಎಲ್ಲಿ ಒಡೆದೀತೋ ಎಂಬ ಹೆದರಿಕೆ ನನಗೂ ಇತ್ತು. ಅಂದಿನ ಕಣಿಕೆಯನ್ನು ನಾನೇ ಹೊತ್ತೆ.

ಮರುದಿನ ಬಸ್ಸಿನಲ್ಲಿ ನೋಡಿದರೆ ಚೀಟಿ ಖಾಲಿ. ಕಲಿತವನಾಗಿ ಹೇಳಿದಷ್ಟು ಮಾಡಲಿಲ್ಲ ಎಂದು ಡಾಕ್ಟರರಿಂದ ಬೈಸಿಕೊಳ್ಳುವುದು ಹೇಗೆ? ಪಕ್ಕದಲ್ಲಿ ಅಪ್ಪ ತೂಕಡಿಸುತ್ತಿದ್ದಾಗ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದೆ: ಮುಂಜಾನೆ ಹೊಲ, ಸಂಜೆ ಕಣಿಕೆಯ ಹೊರೆ. ಎಂಥ ಖೋಡಿ ನಾನು!

ಎರಡು ದಿನ ಬಿಟ್ಟು ಡಾಕ್ಟರರು ಟೇಪು, ಚೀಟಿ ಎರಡನ್ನೂ ನೋಡಿ ಕರೆಸಿದರು. "ಹೊರಿ ಹೊತ್ತಾಗೂ ಬಡಿತ ಒಂದ ಸಮ ಐತ್ರಿ. ಎದಿದೇನೂ ಇಲ್ಲ, ಗ್ಯಾಸ್ ಇರಬೇಕು. ಆರಾಮ ಕೆಲಸಾ ಮಾಡ್ಲಿ."

ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ನನ್ನ ಬೆನ್ನು ಚಪ್ಪರಿಸಿ, "ನಾ ಹೇಳಿದ್ದಿಲ್ಲೇನಲೇ?" ಎಂದು ನಕ್ಕ. ಬಾಯಿ ಮುಚ್ಚಿಕೊಂಡೆ.

ಎಂಟನೆಯ ದಿನ ಅವನು ಬಣವೆಯ ಹತ್ತಿರ ಬಿದ್ದಿದ್ದ. ಹೊರೆ ಮೈಮೇಲೇ ಇತ್ತು. ಉಸಿರಿರಲಿಲ್ಲ.

ಅವ್ವ ತಾನು ಸಾಯುವ ತನಕ ಆ ಪೆಟ್ಟಿಗೆಗೆ ಶಾಪ ಹಾಕಿದಳು. "ಹಾಳಾದ ಯಂತ್ರಾ, ಸುಳ್ಳು ಹೇಳಿ ಕೊಂದ್ತು. ಹೌದಿಲ್ಲೋ?" ಎಂದು ಪ್ರತಿಸಲ ನನ್ನನ್ನೇ ಕೇಳುತ್ತಿದ್ದಳು.

"ಹೌದಬೇ," ಎನ್ನುತ್ತಿದ್ದೆ.