ನೂಲಿಗೆ ಸಿಗದ ಇಗರ್ಜಿ

ಸೊಟ್ಟಗಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಊಟಕ್ಕೆ ಕರೆದವರ ಮನೆಯಲ್ಲೂ ಗೋಡೆಯ ಪಟ ನೆಟ್ಟಗೆ ಮಾಡಿಯೇ ಎಲೆಯ ಮುಂದೆ ಕೂರುವವನು ನಾನು. "ಮರ ಸುಳ್ಳು ಹೇಳೀತು, ನೂಲು ಹೇಳದು" ಎನ್ನುತ್ತ ಉಳಿ ಹಿಡಿಸಿದವರು ನನ್ನಜ್ಜ, ತಪ್ಪೇನಿದ್ದರೂ ಅವರದ್ದೇ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಬಹರೈನಿನ ಮೀನಾ ಸಲ್ಮಾನ್ ಬಂದರಿನಲ್ಲಿ, ಮರಗೆಲಸದ ಶೆಡ್ಡೊಂದರಲ್ಲಿದ್ದೆ. ನಮ್ಮ ಇಂಗ್ಲಿಷ್ ಸಾಹೇಬರು ಕೆಲಸ ಬಿಟ್ಟು ಊರಿಗೆ ಹೊರಟವರು, ತಮ್ಮ ಹಳ್ಳಿಯ ಇಗರ್ಜಿಯ, ಅಂದರೆ ಚರ್ಚಿನ, ನಕ್ಷೆ ಕೊಟ್ಟು, ತೇಗದಲ್ಲಿ ಅದರ ಮಾದರಿ ಬೇಕೆಂದರು. ಕಣ್ಣು ಹೋದ ತಾಯಿಗೆ. ಇನ್ನು ಮುಂದೆ ಆಕೆ ಬೆರಳಿನಲ್ಲೇ ಇಗರ್ಜಿಗೆ ಹೋಗಬೇಕು.

ನಕ್ಷೆ ನೋಡಿ ನಗು ಬಂತು. ಒಂದು ಸಾಲಿನ ಕಮಾನು ಗುಂಡಗೆ, ಎದುರು ಸಾಲಿನದು ಚೂಪಗೆ. ಗೋಪುರವಂತೂ ಇನ್ನೂ ಎಷ್ಟೋ ತಲೆಮಾರು ಕಳೆದು ಬಂದದ್ದೆಂದು ನಕ್ಷೆಯಲ್ಲೇ ಬರೆದಿತ್ತು. ಅದೆಲ್ಲ ಕ್ಷಮಿಸಿದೆ. ಆದರೆ ಪೂಜಾಪೀಠದ ಭಾಗವೇ, ಜನ ಕೂರುವ ಹಜಾರದ ಸಾಲು ತಪ್ಪಿ ಎಡಕ್ಕೆ ವಾಲಿದ್ದರೆ? ಬರೆದವನಿಗೆ ತೂಕಡಿಕೆ ಬಂದಿತ್ತೆಂದುಕೊಂಡು ನೂಲು ಹಿಡಿದು ನೆಟ್ಟಗೆ ಮಾಡಿಬಿಟ್ಟೆ.

ಸಾಹೇಬರು ಬೆರಳಾಡಿಸಿ ಚೆನ್ನಾಗಿದೆ ಎಂದರು. ಮುಖ ಹಾಗೆ ಹೇಳಲಿಲ್ಲ. ನಾನು ತಿದ್ದಿದ ಆ ಡೊಂಕು ಇಗರ್ಜಿಯಲ್ಲೇ ಇದ್ದದ್ದು, ಶಿಲುಬೆಯ ಮೇಲೆ ಏಸು ತಲೆ ವಾಲಿಸಿದ ಗುರುತು ಅದೆಂದು ಹಳ್ಳಿಯವರ ನಂಬಿಕೆಯಂತೆ. "ಅಮ್ಮನಿಗೆ ಇದು ಬೇರೆ ಊರಿನದು ಅನಿಸೀತು" ಎಂದಷ್ಟೇ ಹೇಳಿ, ಮಾದರಿಯನ್ನು ನನ್ನ ಬೆಂಚಿನ ಮೇಲೇ ಬಿಟ್ಟು ಹೋದರು.

ಪಕ್ಕದ ಬೆಂಚಿನ ಲಾರೆನ್ಸ್, ಮಂಗಳೂರು ಕಡೆಯವ, ಬಿಟ್ಟಾನೆಯೇ? "ಎಂತ ಆಚಾರ್ರೆ, ಏಸುಸ್ವಾಮಿಯ ಕುತ್ತಿಗೆಯನ್ನೇ ನೆಟ್ಟಗೆ ಮಾಡಿದ್ರಲ್ಲಾ!"

"ನಕ್ಷೆ ತಪ್ಪು ಅಂತ ಮಾಡಿದ್ದು ಮಾರಾಯ."

"ಅವರ ವಿಮಾನಕ್ಕೆ ಇನ್ನೂ ನಾಲ್ಕು ದಿನ ಉಂಟು. ಬಿಚ್ಚಿ, ಬಿಚ್ಚಿ."

ಅಂಟು ಬಿಡಿಸುತ್ತ ಕೂತಾಗ ಹೊಳೆಯಿತು. ಪೂಜಾಪೀಠದ ಹಳೆಯ ಭಾಗವನ್ನು ಕೆಡವದೆ, ಪ್ರಾರ್ಥನೆ ನಿಲ್ಲಿಸದೆ, ಅದರ ಮುಂದೆಯೇ ಹೊಸ ಹಜಾರ ಕಟ್ಟಿದ್ದಾರೆ. ನಡುವೆ ಗೋಡೆ ನಿಂತಿರುವಾಗ ಈ ತುದಿಯಿಂದ ಆ ತುದಿಗೆ ನೂಲು ಎಳೆಯುವುದು ಹೇಗೆ, ನೀವೇ ಹೇಳಿ. ಕೊನೆಗೆ ಗೋಡೆ ಒಡೆದ ದಿನ ಡೊಂಕು ಕಂಡಿರಬೇಕು. "ಇರಲಿ ಬಿಡಿ" ಎಂದಿರಬೇಕು ಯಾರೋ ದೊಡ್ಡ ಮನಸ್ಸಿನ ಮೇಸ್ತ್ರಿ. ಹೇಳಿದಾಗ ಸಾಹೇಬರು ಬೆರಗಾದರು. ಹಳೆಯ ಇಗರ್ಜಿಗಳ ಚರಿತ್ರೆ ತಿಳಿದವರೂ ಹಾಗೇ ಬರೆದಿದ್ದಾರಂತೆ.

ನೆಟ್ಟಗೆ ಕೊಯ್ದು ಪಳಗಿದ ಕೈಗೆ ಡೊಂಕು ಒಲಿಯುವುದು ಕಷ್ಟ. ಮೂರು ಸಲ ಕೆಟ್ಟಿತು. ನಾಲ್ಕನೆಯ ದಿನ ಸಾಹೇಬರು ಕಣ್ಣು ಮುಚ್ಚಿ, ಹಜಾರದುದ್ದಕ್ಕೂ ಬೆರಳು ನಡೆಸಿದರು. ವಾಲುವ ಕಡೆ ಬೆರಳು ನಿಂತಿತು. "ಅಮ್ಮ ಕೂರುತ್ತಿದ್ದದ್ದು ಇಲ್ಲೇ" ಎಂದರು.

ಬದುಕಿನಲ್ಲಿ ಡೊಂಕು ಕೆಲಸ ಬೇಕಾದಷ್ಟು ಮಾಡಿದ್ದೇನೆ. ಅಳತೆ ಹಿಡಿದು ಮಾಡಿದ್ದು ಅದೊಂದೇ.