ಹನ್ನೊಂದನೇ ನಂಬರ್ ಬಸ್ಸು: ಒಂದೇ ಪ್ರತಿ

ಲೈಬ್ರರಿಯಲ್ಲಿ ಅವಳಿಗೆ ಸೀಲಮ್ಮ ಅಂತಲೇ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಕಚೇರಿಯ ಯಾವುದೋ ಪಟ್ಟಿಯಲ್ಲಿದೆ. ಅದನ್ನು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಇಪ್ಪತ್ತಾರು ವರ್ಷದಿಂದ ಕೌಂಟರಿನ ಹಿಂದೆ ಕೂತು ತಾರೀಖಿನ ಸೀಲನ್ನು ಶಾಯಿಗೊಮ್ಮೆ ಚೀಟಿಗೊಮ್ಮೆ ಟಪ್ ಟಪ್ ಎಂದು ಕುಟ್ಟಿದವಳಿಗೆ ಓದುಗರು ಇನ್ನೇನು ಹೆಸರಿಟ್ಟಾರು?

ಸೀಲು ಹೊಡೆಯುವುದು ಅವಳ ಅರ್ಧ ಕೆಲಸ ಮಾತ್ರ. ಉಳಿದರ್ಧ, ವಾಪಸು ಬಂದ ಪುಸ್ತಕದ ನಾಡಿ ಹಿಡಿಯುವುದು. ಪುಸ್ತಕವನ್ನು ಅಂಗೈಯಲ್ಲಿ ತೂಗಿ, ಬೆನ್ನು ಸವರಿ, ಪುಟಗಳನ್ನು ಬರ್‍ರೆಂದು ಬಿಟ್ಟು, ಮೂಸಿ, ಅದರ ಕಾರ್ಡಿನ ಹಿಂಬದಿಯಲ್ಲಿ ಸ್ಥಿತಿ ಬರೆಯುತ್ತಾಳೆ. ಅದರಲ್ಲಿ ಯಾರ ಮುಲಾಜೂ ಇಲ್ಲ. ‘ಅಡುಗೆ ಪುಸ್ತಕ: ನಲವತ್ತನೇ ಪುಟದಲ್ಲಿ ಎಣ್ಣೆ. ನಿಜವಾಗಿ ಓದಿದ್ದಾರೆ.’ ‘ದಪ್ಪ ಕಾದಂಬರಿ: ಮೊದಲ ಮೂವತ್ತು ಪುಟ ಮಾತ್ರ ಕೊಳೆ. ಯಾರೂ ಮುಗಿಸಿಲ್ಲ.’ ಹರಿದದ್ದಕ್ಕೆ ಅಂಟು ಹಾಕುವವಳೂ ಅವಳೇ. ನೀರು ಬಿದ್ದು ಒಂದಕ್ಕೊಂದು ಅಂಟಿಕೊಂಡ ಪುಟಗಳನ್ನು ಕಂಡರೆ ಬೇರೆಯವರು ಕೈ ಬಿಡುತ್ತಾರೆ. ಇವಳು ತೆಳ್ಳನೆಯ ಚಾಕು ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಹಾಳೆ ಬಿಡಿಸುತ್ತಾಳೆ. ಆಗ ಮಾತ್ರ ಅವಳಿಗೆ ತಾಳ್ಮೆ ಎಲ್ಲಿಂದ ಬರುತ್ತದೋ, ಮನೆಯಲ್ಲಂತೂ ಅದರ ಗುರುತು ಯಾರಿಗೂ ಸಿಕ್ಕಿಲ್ಲ.

ಇನ್ನೊಂದು ವಿಷಯ ಲೈಬ್ರರಿಯ ಗೋಡೆಗಳಿಗಷ್ಟೇ ಗೊತ್ತು. ಮೂರು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ರದ್ದಿಗೆ ಹಾಕಬೇಕು ಎಂಬುದು ಅಲ್ಲಿಯ ನಿಯಮ. ಮೂರು ವರ್ಷ ತುಂಬಲು ವಾರವಿದೆ ಎನ್ನುವಾಗ ಸೀಲಮ್ಮ ಆ ಪುಸ್ತಕವನ್ನು ತನ್ನದೇ ಕಾರ್ಡಿಗೆ ಬರೆದುಕೊಂಡು, ಸೀಲು ಹೊಡೆದು, ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಪುಸ್ತಕ ಬದುಕಿಕೊಂಡಿತು. ಓದುತ್ತಾಳೆಯೇ ಎಂದು ಮಾತ್ರ ಕೇಳಬೇಡಿ. ಕೋಳಿ ರೋಗಗಳ ಬಗ್ಗೆ ಇರುವ ಒಂದು ಪುಸ್ತಕ ಹೀಗೆ ಅವಳ ಮನೆಗೆ ಒಂಬತ್ತು ಸಲ ಹೋಗಿಬಂದಿದೆ. ಆ ಮನೆಯಲ್ಲಿ ಇವತ್ತಿಗೂ ಕೋಳಿಯ ಒಂದು ಪುಕ್ಕ ಇಲ್ಲ.

ಮನೆಯಲ್ಲಿ ಇರುವುದು ಗಂಡ. ಹನ್ನೊಂದನೇ ನಂಬರ್ ಬಸ್ಸಿನ ಡ್ರೈವರ್ ಆಗಿದ್ದವನು, ನಿವೃತ್ತಿಯಾಗಿ ಎರಡು ವರ್ಷ. ಈಗ ಕಿಟಕಿ ಪಕ್ಕದ ಕುರ್ಚಿಯೇ ಅವನ ಸೀಟು. ಬೀದಿಯಲ್ಲಿ ಯಾವುದಾದರೂ ಗಾಡಿ ಜೋರಾಗಿ ಬಂದರೆ ಕೂತಲ್ಲೇ ಅವನ ಬಲಗಾಲು ನೆಲ ಒತ್ತುತ್ತದೆ. ಅವನ ಬಳಿ ಇರುವುದು ಒಂದೇ ಕಥೆ: ತುಂಬಿದ ಬಸ್ಸು, ಗುಡ್ಡದ ಇಳಿಜಾರು, ಕೈಕೊಟ್ಟ ಬ್ರೇಕು. ಅದನ್ನು ಮಗಳ ಮದುವೆಯಲ್ಲಿ ಬೀಗರಿಗೆ ಹೇಳಿದ್ದಾನೆ, ಗ್ಯಾಸ್ ತರುವವನಿಗೆ ಹೇಳಿದ್ದಾನೆ, ಮೀಟರ್ ನೋಡಲು ಬಂದವನನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಹೇಳಿದ್ದಾನೆ. ಸೀಲಮ್ಮನಿಗೆ ಎಷ್ಟು ಸಲ ಹೇಳಿದ್ದಾನೆ ಎನ್ನುವುದಕ್ಕೆ ಲೆಕ್ಕವೇ ಇಲ್ಲ.

"ಅವತ್ತು ಸೋಮವಾರ ಕಣೇ. ಇಳಿಜಾರು ಶುರುವಾಯ್ತು. ಪೆಡಲ್ ಒತ್ತಿದ್ರೆ ಕಾಲಡಿ ಬ್ರೇಕೇ ಇಲ್ಲ..."

"ಆಮೇಲೆ ಮರಳಿನ ರಾಶಿ. ಗೊತ್ತು. ಕೈ ತೊಳ್ಕೊಂಡು ಊಟಕ್ಕೆ ಬನ್ನಿ."

ಇತ್ತೀಚೆಗೆ ಅವನು ‘ಅವತ್ತು ಸೋಮವಾರ’ ಎಂದು ಶುರುಮಾಡಿ ತಾನೇ ನಿಲ್ಲಿಸಿಬಿಡುತ್ತಿದ್ದ. ಸದ್ಯ, ಬುದ್ಧಿ ಬಂತು ಅಂದುಕೊಂಡು ಸೀಲಮ್ಮ ನಿರಾಳವಾಗಿದ್ದಳು.

ಹೀಗಿರುವಾಗ ಲೈಬ್ರರಿಗೆ ಹೊಸ ಲೈಬ್ರೆರಿಯನ್ ಬಂದಳು. ಸೀಲಮ್ಮನ ಮಗಳ ವಯಸ್ಸು, ಕೂತಲ್ಲಿ ಕೂರುವ ಜಾಯಮಾನವಲ್ಲ. ಮಂಗಳವಾರ ಅರ್ಜಿ ತುಂಬಿಕೊಡುವ ಮೇಜು, ಗುರುವಾರ ವಯಸ್ಸಾದವರಿಗೆ ಮೊಬೈಲ್ ಪಾಠ, ಶನಿವಾರ ಮಕ್ಕಳಿಗೆ ಕಥೆ. ‘ಶಬ್ದ ಮಾಡಬೇಡಿ’ ಎಂಬ ಹಳೇ ಬೋರ್ಡು ತಲೆತಗ್ಗಿಸಿ ಗೋಡೆಯಲ್ಲಿ ನೇತಾಡುತ್ತಿತ್ತು. ಒಂದು ದಿನ ಆಕೆ ಕೌಂಟರಿಗೆ ಮೊಣಕೈ ಊರಿ ನಿಂತಳು.

"ಅಮ್ಮ, ಮುಂದಿನ ಭಾನುವಾರ ಜನರನ್ನೇ ಪುಸ್ತಕ ಮಾಡೋಣ. ನಾಲ್ಕು ಜನ ನಾಲ್ಕು ಮೇಜಿನಲ್ಲಿ ಕೂತ್ಕೋತಾರೆ. ಬಂದವರು ಕಾರ್ಡ್ ಕೊಟ್ಟು ಒಬ್ಬರನ್ನ ಅರ್ಧ ಗಂಟೆ ಎರವಲು ತಗೊಂಡು ಅವರ ಕಥೆ ಕೇಳಬಹುದು."

"ಹರಿದುಹೋದ್ರೆ ಅಂಟು ಹಾಕೋಳು ನಾನೇನಾ ಮೇಡಂ?"

"ನೀವು ಕಾರ್ಡ್ ಬರೆದುಕೊಡಿ ಸಾಕು. ಯಾವಾಗಲೂ ಪುಸ್ತಕಕ್ಕೆ ಬರೀತೀರಲ್ಲ, ಹಾಗೇ."

ಆ ಕೊನೆಯ ಮಾತೇ ಮುಂದಿನ ಎಲ್ಲ ಪಡಿಪಾಟಲಿಗೆ ಮೂಲ.

ಬೀಗ ರಿಪೇರಿಯವನು, ನಿವೃತ್ತ ನರ್ಸ್, ಜೇನು ಸಾಕುವವಳು ಒಪ್ಪಿದರು. ನಾಲ್ಕನೆಯವನು ಫೋಟೋಗ್ರಾಫರ್, ಅವನ ಗಂಟಲು ಕಟ್ಟಿತು. ಲೈಬ್ರೆರಿಯನ್ ತಲೆ ಮೇಲೆ ಕೈ ಹೊತ್ತು ಕೂತಿದ್ದ ಹೊತ್ತಿಗೆ ಸೀಲಮ್ಮ ಮರೆತು ಬಂದ ಊಟದ ಡಬ್ಬಿ ಹಿಡಿದುಕೊಂಡು ಗಂಡ ಬಂದ.

"ಅಂಕಲ್, ನೀವು ಪುಸ್ತಕ ಆಗ್ತೀರಾ?"

"ನನ್ನನ್ನ ಯಾರಮ್ಮ ಓದ್ತಾರೆ?" ಎಂದ. ಹೇಳಿದ್ದು ಹಾಗೆ, ಆದರೆ ಡಬ್ಬಿ ಕೊಡುವುದನ್ನೇ ಮರೆತು ಮನೆಗೆ ವಾಪಸು ಹೊತ್ತುಕೊಂಡು ಹೋದ.

ಆ ವಾರವಿಡೀ ಮನೆಯಲ್ಲಿ ಮದುವೆ ಸಂಭ್ರಮ. ಒಮ್ಮೆ ಕಟಿಂಗ್ ಮಾಡಿಸಿಕೊಂಡು ಬಂದವನು ಕಿವಿ ಹತ್ತಿರ ಸರಿಯಿಲ್ಲ ಅಂತ ಮತ್ತೆ ಹೋದ. ಬಚ್ಚಲುಮನೆಯಿಂದ ‘ಅವತ್ತು ಸೋಮವಾರ’ ಮೂರು ಬಗೆಯ ರಾಗದಲ್ಲಿ ಕೇಳಿಬಂತು. ಭಾನುವಾರ ಬೆಳಗ್ಗೆ ಹಳೇ ಡ್ಯೂಟಿ ಅಂಗಿಗೆ ಇಸ್ತ್ರಿ ಹಾಕುತ್ತಾ ಹೇಳಿದ:

"ನೋಡು, ಇವತ್ತು ಯಾರೂ ಬರಲಿಲ್ಲ ಅಂದ್ರೆ ಇದೇ ಕೊನೆ. ಆಮೇಲೆ ಯಾವತ್ತೂ ಆ ಕಥೆ ಎತ್ತಲ್ಲ. ನಿನಗೂ ತಲೆನೋವು ತಪ್ಪುತ್ತೆ."

ನಗುತ್ತಲೇ ಹೇಳಿದ. ಸೀಲಮ್ಮನೂ "ದೇವರು ದೊಡ್ಡೋನು" ಎಂದು ನಕ್ಕಳು. ಮೆಟ್ಟಿಲಿಳಿಯುವಾಗ ಅವಳಿಗೆ ಆ ಮಾತು ಯಾಕೋ ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಒತ್ತತೊಡಗಿತು.

ಹತ್ತು ಗಂಟೆಗೆ ಲೈಬ್ರರಿ ತುಂಬಿತು. ನಿಯಮಗಳನ್ನು ಬರೆದ ಹೊಸ ಬೋರ್ಡು ಬಾಗಿಲಲ್ಲೇ ಇತ್ತು, ಸೀಲಮ್ಮನದೇ ದುಂಡು ಅಕ್ಷರ: ‘ಪುಸ್ತಕ ಮಾತಾಡುವಾಗ ಓದುಗರು ನಡುವೆ ಬಾಯಿ ಹಾಕಬಾರದು.’ ಬೀಗದವನ ಮೇಜಿನ ಮುಂದೆ ಸಾಲು. ಎಷ್ಟು ಮನೆಗಳ ಬಾಗಿಲು ತೆಗೆದವನು, ಕೇಳುವ ಚಪಲ ಯಾರಿಗಿಲ್ಲ? ನರ್ಸಿನ ಸುತ್ತ ಹೆಂಗಸರು. ಜೇನಿನವಳ ಮುಂದೆ ಮಕ್ಕಳು. ಮೂಲೆಯಲ್ಲಿ, ಕೃಷಿ ಪುಸ್ತಕಗಳ ಕಪಾಟಿನ ಪಕ್ಕ, ಹನ್ನೊಂದನೇ ನಂಬರಿನವನು ಎರಡೂ ಕೈಗಳನ್ನು ಸ್ಟೀರಿಂಗ್ ಹಿಡಿದಂತೆ ಮೇಜಿನ ಮೇಲಿಟ್ಟುಕೊಂಡು ಒಬ್ಬನೇ ಕೂತಿದ್ದ.

ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಜನ ಅವನ ಮೇಜಿನವರೆಗೆ ಬರುತ್ತಾರೆ, ಬಗ್ಗಿ ಏನೋ ನೋಡುತ್ತಾರೆ, ಹೋಗುತ್ತಾರೆ. ಸೀಲಮ್ಮ ಸೀಲಿನ ಮೇಲೆ ಗಮನವೇ ಇಲ್ಲದೆ ಒಬ್ಬರ ಚೀಟಿಗೆ ಎರಡು ಸಲ ಹೊಡೆದಳು. ಕಡೆಗೆ ಇಬ್ಬರು ಕಾಲೇಜು ಹುಡುಗಿಯರು ಆ ಮೂಲೆಯಿಂದ ಬಾಯಿಗೆ ಕೈ ಅಡ್ಡ ಹಿಡಿದು ಬಂದರು.

"ಕೊನೆ ಮೊದಲೇ ಗೊತ್ತಂತೆ ಕಣೇ. ಬಾ, ಬೀಗದ ಅಂಕಲ್ ಹತ್ರಾನೇ ಹೋಗೋಣ."

ಸೀಲಮ್ಮ ಸೀಲು ಕೆಳಗಿಟ್ಟಳು. ಕೌಂಟರ್ ಬಿಟ್ಟು ಹೊರಬಂದು ನೋಡಿದಳು.

ಲೈಬ್ರೆರಿಯನ್ ಕಾರ್ಡುಗಳನ್ನು ಅಂದವಾಗಿ ದಾರ ಕಟ್ಟಿ ಮೇಜುಗಳ ಮುಂದೆ ತೂಗುಬಿಟ್ಟಿದ್ದಳು. ಫ್ಯಾನಿನ ಗಾಳಿಗೆ ಅವು ತಿರುಗುತ್ತಿದ್ದವು. ಮುಂದೆ ಶೀರ್ಷಿಕೆ, ಹಿಂದೆ ಸ್ಥಿತಿ. ಎಂದಿನ ಹಾಗೇ ಬರೆಯಿರಿ ಅಂದಿದ್ದರಲ್ಲ, ಸೀಲಮ್ಮ ಎಂದಿನ ಹಾಗೇ ಎರಡೂ ಬದಿ ಬರೆದಿದ್ದಳು. ಬೀಗದವನಿಗೆ ‘ಒಳ್ಳೆಯ ಸ್ಥಿತಿ. ಹಾಸ್ಯ ಹೇರಳ.’ ನರ್ಸಿಗೆ ‘ಅಚ್ಚು ಸ್ಪಷ್ಟ. ಅಲ್ಲಲ್ಲಿ ರಕ್ತ.’ ಗಂಡನ ಕಾರ್ಡಿನ ಮುಂಬದಿಯಲ್ಲಿ ‘ಹನ್ನೊಂದನೇ ನಂಬರ್ ಬಸ್ಸು. ಒಂದೇ ಪ್ರತಿ.’ ಹಿಂಬದಿಯಲ್ಲಿ: ‘ಬೆನ್ನು ಸಡಿಲ. ಒಂದೇ ಅಧ್ಯಾಯ ಪದೇ ಪದೇ. ಕೊನೆ ಮೊದಲೇ ಗೊತ್ತು.’

ಅವಳು ನೋಡುವ ಹೊತ್ತಿಗೆ ಆ ಕಾರ್ಡು ತಿರುಗುತ್ತಿರಲಿಲ್ಲ. ಅವನು ಅದನ್ನು ಮೇಜಿನ ಮೇಲಕ್ಕೆಳೆದು, ಶೀರ್ಷಿಕೆ ಮೇಲೆ ಬರುವಂತೆ ಮಲಗಿಸಿ, ಅದರ ಅಂಚಿನ ಮೇಲೆ ನೀರಿನ ಲೋಟ ಇಟ್ಟಿದ್ದ. ಅಂದರೆ ಓದಿದ್ದಾನೆ. ಓದಿ, ಒಂದು ಮಾತೂ ಆಡದೆ, ಅವಳ ಅಕ್ಷರವನ್ನು ಊರ ಕಣ್ಣಿಂದ ಮರೆಮಾಡಿ ಕೂತಿದ್ದಾನೆ. ಸೀಲಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಅದನ್ನು ಕಾರ್ಡಿನಲ್ಲಿ ಬರೆದು ತೂಗುಹಾಕಿದ ಕೀರ್ತಿ ಮಾತ್ರ ಅವಳೊಬ್ಬಳದೇ.

ಹನ್ನೆರಡು ಗಂಟೆಗೆ ಅವನು ಎದ್ದು ಅಂಗಿ ಸರಿಪಡಿಸಿಕೊಂಡ. ಹೊರಡುವ ಸೂಚನೆ.

ಸೀಲಮ್ಮ ಕೌಂಟರಿಗೆ ಹೋದಳು. ಡ್ರಾಯರಿನಿಂದ ತನ್ನ ಕಾರ್ಡು ತೆಗೆದಳು. ಶಾಯಿಗೊಮ್ಮೆ, ಚೀಟಿಗೊಮ್ಮೆ. ಟಪ್.

"ಅಮ್ಮ, ಸಿಬ್ಬಂದಿ ತಗೋಬಹುದಾ?" ಎಂದಳು ಲೈಬ್ರೆರಿಯನ್.

"ಇಪ್ಪತ್ತಾರು ವರ್ಷದಿಂದ ತಗೊಳ್ತಿದೀನಿ ಮೇಡಂ. ಇವತ್ತು ಕೇಳ್ತಿದೀರಾ?"

ಮೂಲೆಯ ಮೇಜಿಗೆ ಬಂದು ಎದುರು ಕುರ್ಚಿ ಎಳೆದು ಕೂತಳು. ಅವನು ಚೀಟಿ ನೋಡಿದ, ಅವಳನ್ನು ನೋಡಿದ.

"ಕರುಣೆ ತೋರಿಸೋಕೆ ಬಂದ್ಯಾ?"

"ರೀ, ಅರ್ಧ ಗಂಟೆ ಇದೆ. ಶುರು ಮಾಡಿ."

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಕೂತ.

"ಅವತ್ತು ಸೋಮವಾರ. ಇಳಿಜಾರು. ಪೆಡಲ್ ಒತ್ತಿದ್ರೆ ಬ್ರೇಕೇ ಇಲ್ಲ. ಸೆಕೆಂಡ್ ಗೇರಿಗೆ ತಂದೆ, ಫಸ್ಟಿಗೆ ತಂದೆ. ಎಡಗಡೆ ಯಾರೋ ಮನೆ ಕಟ್ಟೋಕೆ..."

ಸೀಲಮ್ಮನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅವನು ಬಾಗಿಲ ಬೋರ್ಡಿನ ಕಡೆ ಬೆರಳು ತೋರಿಸಿದ. ಬಾಯಿ ಮುಚ್ಚಿತು.

"...ಮರಳು ಹಾಕಿಸಿದ್ರು. ನುಗ್ಗಿಸಿದೆ. ಬಸ್ಸು ನಿಂತಿತು. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ."

ಅವಳು ಏಳಲಿಲ್ಲ. ಅವನಿಗೇ ಆಶ್ಚರ್ಯವಾದಂತಿತ್ತು. ನೀರು ಕುಡಿದು, ಲೋಟವನ್ನು ಮತ್ತೆ ಕಾರ್ಡಿನ ಮೇಲೇ ಇಟ್ಟ.

"ಎಲ್ಲರೂ ಬೆನ್ನು ತಟ್ಟಿದ್ರು. ನನ್ನ ಕೈ ಸ್ಟೀರಿಂಗಿಂದ ಬರಲೇ ಇಲ್ಲ ಕಣೇ. ಕಂಡಕ್ಟರ್ ಒಂದೊಂದೇ ಬೆರಳು ಬಿಡಿಸಿದ. ಮಾರನೇ ದಿನ ನಿನಗೆ ಜ್ವರ ಅಂತ ಹೇಳಿದೆ. ಜ್ವರ ಅಲ್ಲ, ಹೆದರಿಕೆ. ಬೀದಿ ಕಡೆ ಕಿಟಕೀನೇ ತೆಗೀಲಿಲ್ಲ. ಕೆಲಸ ಬಿಡ್ತೀನಿ ಅಂತ ಪತ್ರ ಬರೆದು ಜೇಬಲ್ಲಿ ಇಟ್ಕೊಂಡಿದ್ದೆ. ನೀನು ಥರ್ಮಾಮೀಟರ್ ಇಟ್ಟೆ, ನೋಡಿದೆ, ಝಾಡಿಸಿ ಇಟ್ಟೆ. ‘ಇದೆ, ಸ್ವಲ್ಪ ಇದೆ, ಮಲಗಿ’ ಅಂದೆ. ಎಲ್ಲಿತ್ತೇ ಜ್ವರ? ಮೂರು ದಿನ ಇಲ್ಲದ ಜ್ವರಕ್ಕೆ ಹಣೆಗೆ ಒದ್ದೆ ಬಟ್ಟೆ ಹಾಕಿದೆ."

ಸೀಲಮ್ಮನ ಬಾಯಿ ಮತ್ತೆ ತೆರೆಯಿತು. ಬೆರಳು ಮತ್ತೆ ಬೋರ್ಡಿನ ಕಡೆ ಹೋಯಿತು.

"ನಾಲ್ಕನೇ ದಿನ ‘ಜ್ವರ ಬಿಟ್ಟಿದೆ, ಹೊರಡಿ’ ಅಂದೆ. ಹೋದೆ. ಪತ್ರ ಕೊಡೋಕೇ ಹೋಗಿದ್ದು. ಗಾಡಿ ಹತ್ತಿ ಕನ್ನಡಿ ನೋಡ್ತೀನಿ, ಕೊನೇ ಸೀಟಲ್ಲಿ ತಲೆ ತುಂಬ ಸೆರಗು ಹೊದ್ದು ನೀನು. ಕೈಯಲ್ಲಿ ಆ ಕೋಳಿ ರೋಗದ ಪುಸ್ತಕ. ನಾಲ್ಕು ಟ್ರಿಪ್ಪೂ ಇಳೀಲಿಲ್ಲ, ಒಂದು ಪುಟಾನೂ ತಿರುವಲಿಲ್ಲ. ನನಗೆ ಗೊತ್ತಾಗಲ್ಲ ಅಂದುಕೊಂಡ್ಯಾ? ಡ್ರೈವರಿಗೆ ಕನ್ನಡಿ ಅಂತ ಒಂದು ಇರುತ್ತೆ ಕಣೇ. ಇವಳೇ ಕೂತಿದಾಳೆ, ಇನ್ನೇನು ಭಯ ಅಂತ ಇಳಿಜಾರು ಇಳಿಸಿದೆ. ಪತ್ರ ಹರಿದು ಹಾಕಿದೆ. ಅಷ್ಟು ಹೇಳಬೇಕು ಅಂತಾನೇ ಇಷ್ಟು ವರ್ಷ ಶುರು ಮಾಡ್ತಿದ್ದೆ. ನೀನು ಪ್ರತಿ ಸಲ ಮರಳಿನ ರಾಶಿ ಹತ್ರಾನೇ ಇಳಿದು ಬಿಡ್ತಿದ್ದೆ."

ಲೈಬ್ರೆರಿಯನ್ ಗಂಟೆ ಬಾರಿಸಿದಳು. ಅರ್ಧ ಗಂಟೆ ಮುಗಿದಿತ್ತು. ಈಗ ಓದುಗರು ಮಾತಾಡಬಹುದು. ಆ ಕೊನೇ ಸೀಟಿನ ಸಂಗತಿಯನ್ನು ಸೀಲಮ್ಮ ಯಾರಿಗೂ ಹೇಳಿರಲಿಲ್ಲ. ಅವನ ಮಾನ ಉಳಿಯಲಿ ಅಂತ ಎದೆಯಲ್ಲೇ ಹೂತಿಟ್ಟಿದ್ದಳು. ಅವನ ಜೇಬಿನ ಪತ್ರದ ಬಗ್ಗೆ ಮಾತ್ರ ಇವತ್ತೇ ಕೇಳಿದ್ದು. ಕಣ್ಣು ತುಂಬಿ ಬಂತು. ಅದು ಕಪಾಟಿನ ಧೂಳು ಅಂತ ಯಾರಿಗೂ ಹೇಳಲು ಹೋಗಲಿಲ್ಲ.

ಲೋಟ ಸರಿಸಿ ಕಾರ್ಡು ತೆಗೆದುಕೊಂಡಳು. ಹಿಂಬದಿ ತಿರುಗಿಸಿ, ಪೆನ್ನಿನಿಂದ ಎರಡು ಸಾಲು ಹೊಡೆದುಹಾಕಿ, ಕೆಳಗೆ ಬರೆದಳು. ಹೊರಡಲು ಎದ್ದಾಗಲೇ ಅವನು ಕನ್ನಡಕವನ್ನು ಜೇಬಿಗೆ ಸೇರಿಸಿದ್ದ. ಕಾರ್ಡನ್ನು ದೂರ ಹಿಡಿದು ಕಣ್ಣು ಕಿರಿದಾಗಿಸಿದ.

"ಏನು ಬರೆದೆ?"

"ಕೊನೆಯ ಪುಟಗಳು ಅಂಟಿಕೊಂಡಿದ್ದವು. ಈಗ ಬಿಡಿಸಿದೆ."

ಅವನು ಕಾರ್ಡನ್ನು ಇನ್ನಷ್ಟು ದೂರ ಹಿಡಿದ.

"ಆ ಬೆನ್ನು ಸಡಿಲ ಅನ್ನೋದು ಹೊಡೆದು ಹಾಕಿದ್ಯಾ?"

"ಇಲ್ಲ ರೀ. ಅದು ನಿಜ ತಾನೇ? ನೆಟ್ಟಗೆ ಕೂತ್ಕೊಳ್ಳಿ."