ಕೊನೆಯ ಪುಟದ ಖಾಲಿ ಜಾಗ

ಐರ್ಲೆಂಡಿನ ಕಾರ್ಕ್‌ ನಗರದ ಗ್ರಂಥಾಲಯದಲ್ಲಿ ಮುನ್ನೂರು ವರ್ಷದ ಹಿಂದಿನ ಲಂಡನ್ ಪತ್ರಿಕೆಯೊಂದನ್ನು ನೋಡಿದೆ. ಕೊನೆಯ ಪುಟದಲ್ಲಿ ಅರ್ಧ ಜಾಗ ಖಾಲಿ. ಕೊಂಡವರು ಅಲ್ಲಿ ಮನೆಯ ಸುದ್ದಿ ಬರೆದು ದೂರದ ನೆಂಟರಿಗೆ ಅಂಚೆಯಲ್ಲಿ ಕಳಿಸಲೆಂದು ಬೇಕೆಂದೇ ಬಿಟ್ಟದ್ದಂತೆ. ಈ ಪ್ರತಿಯಲ್ಲಿ ಯಾರೋ ಶಾಯಿಯಲ್ಲಿ ಬರೆದಿದ್ದನ್ನು ಗ್ರಂಥಪಾಲಕಿ ಓದಿ ಹೇಳಿದರು: ಬೆಕ್ಕು ಮರಿ ಹಾಕಿದೆ, ಅಮ್ಮನ ಕೆಮ್ಮು ವಾಸಿ. ಮೇಲಿದ್ದ ಯುದ್ಧದ ಸುದ್ದಿಯನ್ನು ನಾವ್ಯಾರೂ ಓದಲಿಲ್ಲ.

ಜೊತೆಗಿದ್ದ ಗೆಳೆಯ ಶಶಿ, ಮೈಸೂರಿನ ಅಣ್ಣನೊಂದಿಗೆ ಜಗಳವಾದಾಗಿನಿಂದ ಅವನಿಗೆ ದಿನಾ ಸುದ್ದಿಯ ಲಿಂಕ್ ಮಾತ್ರ ಕಳಿಸುತ್ತಾನೆ.

"ಕೆಳಗೆ ಏನಾದ್ರೂ ಬರೀಬಾರ್ದೇನೋ?" ಎಂದೆ.

"ಏನ್ ಬರೆಯೋದು? ಲಿಂಕ್ ನೋಡ್ತಾನಲ್ಲ, ಅಷ್ಟೇ ಗ್ರ್ಯಾಂಡ್," ಎಂದ, 'ಸಾಕು' ಎನ್ನಲು ಇಲ್ಲಿಯವರು ಹೇಳುವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಎಂದಿನಂತೆ ಲಿಂಕ್ ಕಳಿಸಿದ. ನಾಲ್ಕು ಸ್ಟಾಪ್ ದಾಟಿದ ಮೇಲೆ ಅದರ ಕೆಳಗೆ ಬರೆದ: "ಅಣ್ಣಾ, ಇಲ್ಲಿ ಮಳೆ. ಅಲ್ಲಿ?"